ಎಲೆನ್ ಬ್ರೌನಿಂಗ್ ಸ್ಕ್ರಿಪ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರಿವರು? ಹೆಸರು ಕೇಳಿದ ಹಾಗಿದೆ, ಆದರೆ ನೆನಪಾಗ್ತಿಲ್ಲ.

ಅಮೆರಿಕದ ಪತ್ರಿಕೆ ಮನೆತನವೊಂದರ ಹೆಣ್ಣುಮಗಳು. ಹುಟ್ಟಿದ್ದು 1836ರ ಅಕ್ಟೋಬರ್ 18ರಂದು ಲಂಡನ್ನಿನಲ್ಲಿ, ತೀರಿಕೊಂಡದ್ದು 1932ರ ಆಗಸ್ಟ್ 3ರಂದು ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ, 95ನೇ ವಯಸ್ಸಿನಲ್ಲಿ. ಸ್ಯಾನ್ ಡಿಯೇಗೋದಲ್ಲಿ ಕೆಲಸಕ್ಕಿರುವ ನಮ್ಮವರು ಈ ಹೆಸರನ್ನು ದಿನಾ ನೋಡುತ್ತಿರುತ್ತಾರೆ. ಆಸ್ಪತ್ರೆಯ ಮೇಲೆ ಸ್ಕ್ರಿಪ್ಸ್, ಸಮುದ್ರ ಸಂಶೋಧನಾ ಸಂಸ್ಥೆಯ ಮೇಲೆ ಸ್ಕ್ರಿಪ್ಸ್, ಪಾರ್ಕಿಗೂ ಸ್ಕ್ರಿಪ್ಸ್. ಯಾವುದೋ ದೊಡ್ಡ ಕಂಪನಿ ಇರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ಅವುಗಳ ಹಿಂದೆ ಇರುವುದು ಮದುವೆಯಾಗದ, ಸರಳವಾಗಿ ಬದುಕಿದ, ಹೆಚ್ಚಿನ ದಾನವನ್ನೆಲ್ಲ 60 ದಾಟಿದ ಮೇಲೆ ಮಾಡಿದ ಒಬ್ಬ ಹೆಂಗಸು.

ಆ ಸ್ಪೆಲಿಂಗ್ ಬೀ ಸ್ಪರ್ಧೆ ಇವರದೇನಾ?

ನಮ್ಮ ಕಡೆ ಸ್ಕ್ರಿಪ್ಸ್ ಅಂದ ಕೂಡಲೇ ಬರುವ ಪ್ರಶ್ನೆ ಇದು. ಇವರು ಶುರು ಮಾಡಿದ್ದಲ್ಲ. ಅಮೆರಿಕದಲ್ಲಿ ಮಕ್ಕಳು ಇಂಗ್ಲಿಷ್ ಪದಗಳ ಸ್ಪೆಲಿಂಗ್ ಹೇಳುವ ಈ ಸ್ಪರ್ಧೆ ಶುರುವಾಗಿದ್ದು 1925ರಲ್ಲಿ, ಬೇರೊಂದು ಪತ್ರಿಕೆಯಿಂದ. ಇವರ ತಮ್ಮ ಕಟ್ಟಿದ ಕಂಪನಿ ಅದನ್ನು ವಹಿಸಿಕೊಂಡಿದ್ದು 1941ರಲ್ಲಿ, ಅಂದರೆ ಎಲೆನ್ ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ. 1985ರಲ್ಲಿ ಬಾಲು ನಟರಾಜನ್ ಗೆದ್ದ ಮೇಲೆ ಭಾರತೀಯ ಮೂಲದ ಮಕ್ಕಳು ಆ ವೇದಿಕೆಯನ್ನು ತಮ್ಮದೇ ಮಾಡಿಕೊಂಡರು. ಕುಟುಂಬ ಒಂದೇ, ಆದರೆ ಇವರಿಗೂ ಸ್ಪರ್ಧೆಗೂ ನೇರ ಸಂಬಂಧ ಇಲ್ಲ.

ಹುಟ್ಟಿದ್ದೇ ಶ್ರೀಮಂತರ ಮನೆಯಲ್ಲಾ?

ಇಲ್ಲ. ಅಪ್ಪ ಜೇಮ್ಸ್ ಮಾಗ್ ಸ್ಕ್ರಿಪ್ಸ್ ಲಂಡನ್ನಿನಲ್ಲಿ ಪುಸ್ತಕಕ್ಕೆ ಬೈಂಡಿಂಗ್ ಹಾಕುವ ಕೆಲಸ ಮಾಡುತ್ತಿದ್ದವರು. ಎಲೆನ್ ಚಿಕ್ಕವರಿದ್ದಾಗಲೇ ಅಮ್ಮ ತೀರಿಕೊಂಡರು. 1844ರಲ್ಲಿ ಅಪ್ಪ ಮಕ್ಕಳನ್ನು ಕಟ್ಟಿಕೊಂಡು ಅಮೆರಿಕಕ್ಕೆ ಹೊರಟು, ಇಲಿನಾಯ್ ರಾಜ್ಯದ ರಷ್‌ವಿಲ್ ಅನ್ನುವ ಸಣ್ಣ ಊರಲ್ಲಿ ಬೇಸಾಯ ಮಾಡಿಕೊಂಡು ನೆಲೆಸಿದರು. ಅಲ್ಲಿ ಇನ್ನೊಂದು ಮದುವೆಯಾಯಿತು, ಇನ್ನಷ್ಟು ಮಕ್ಕಳಾದರು. ಕೊನೆಯವನು ಎಡ್ವರ್ಡ್, ಎಲ್ಲರ ಬಾಯಲ್ಲಿ ಇ. ಡಬ್ಲ್ಯೂ., ಹುಟ್ಟಿದ್ದು 1854ರಲ್ಲಿ. ಅವನಿಗೂ ಎಲೆನ್‌ಗೂ ಸುಮಾರು 18 ವರ್ಷದ ಅಂತರ. ದೊಡ್ಡಕ್ಕ ಅಂದರೆ ಅರ್ಧ ತಾಯಿ ಅನ್ನುವುದು ಅಲ್ಲೂ ನಿಜ. ಅವನನ್ನು ನೋಡಿಕೊಂಡದ್ದು, ಓದಿ ಹೇಳಿದ್ದು, ಓದುವ ಹುಚ್ಚು ಹಿಡಿಸಿದ್ದು ಈ ಅಕ್ಕ. ಮುಂದೆ ಇಬ್ಬರ ಬದುಕೂ ದುಡ್ಡೂ ಒಂದಕ್ಕೊಂದು ಹೆಣೆದುಕೊಂಡದ್ದಕ್ಕೆ ಬೇರು ಇಲ್ಲಿದೆ.

ಓದಿದ್ದು ಎಷ್ಟು?

ಆ ಕಾಲದ ಹೆಣ್ಣುಮಗಳಿಗೆ ಜಾಸ್ತಿಯೇ. ಶಾಲೆಯಲ್ಲಿ ಪಾಠ ಹೇಳಿ ದುಡ್ಡು ಕೂಡಿಸಿಕೊಂಡು ಗೇಲ್ಸ್‌ಬರ್ಗ್‌ನ ನಾಕ್ಸ್ ಕಾಲೇಜಿಗೆ ಸೇರಿದರು. 1859ರಲ್ಲಿ ಓದು ಮುಗಿಸಿದರು. ಆದರೆ ಹುಡುಗರಿಗೆ ಡಿಗ್ರಿ, ಹುಡುಗಿಯರಿಗೆ ಬರೀ ಸರ್ಟಿಫಿಕೇಟು. ಮುಂದೆ ಅಧ್ಯಕ್ಷರಾದ ಲಿಂಕನ್ ಮತ್ತು ಅವರ ಚುನಾವಣಾ ಎದುರಾಳಿ ಡಗ್ಲಸ್ ನಡುವಿನ ಹೆಸರಾಂತ ಚರ್ಚೆಗಳಲ್ಲಿ ಒಂದು 1858ರಲ್ಲಿ ಅದೇ ಕಾಲೇಜಿನ ಅಂಗಳದಲ್ಲಿ ನಡೆಯಿತು. ಎಲೆನ್ ಆಗ ಅಲ್ಲಿ ವಿದ್ಯಾರ್ಥಿನಿ.

ಓದು ಮುಗಿಸಿ ಮತ್ತೆ ಟೀಚರ್ ಕೆಲಸ. ಮುಂದೆ ಹೆಣ್ಣುಮಕ್ಕಳಿಗಾಗಿ ಕಾಲೇಜು ಕಟ್ಟಲು ಯಾಕೆ ಕೈ ಹಾಕಿದರು ಅಂತ ಕೇಳುವವರು ಆ ಸರ್ಟಿಫಿಕೇಟನ್ನು ನೆನಪಿಟ್ಟುಕೊಳ್ಳಿ.

ಪತ್ರಿಕೆಯಲ್ಲಿ ನಿಜಕ್ಕೂ ದುಡಿದರಾ, ಇಲ್ಲ ಬರೀ ಹೆಸರಿಗಾ?

ನಿಜಕ್ಕೂ ದುಡಿದರು. ಇವರನ್ನು ಬರೀ "ಆಸ್ತಿ ಬಂದ ಶ್ರೀಮಂತೆ" ಅಂದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಅಣ್ಣ ಜೇಮ್ಸ್ ಡೆಟ್ರಾಯಿಟ್‌ನಲ್ಲಿ ಪತ್ರಿಕೆಯೊಂದರಲ್ಲಿದ್ದ. ಎಲೆನ್ ಅಲ್ಲಿಗೆ ಹೋಗಿ ಪ್ರೂಫ್ ನೋಡುವ ಕೆಲಸ ಹಿಡಿದರು. ನಡುವೆ ಅಪ್ಪನಿಗೆ ಹುಷಾರು ತಪ್ಪಿತು ಅಂತ ಊರಿಗೆ ವಾಪಸ್ ಬಂದು, 1873ರಲ್ಲಿ ಅವರು ತೀರಿಕೊಳ್ಳುವ ತನಕ ನೋಡಿಕೊಂಡರು. ಆ ಮನೆಯಲ್ಲಿ ಅಷ್ಟೊಂದು ಮಂದಿ ಗಂಡುಮಕ್ಕಳಿದ್ದರೂ ಕೆಲಸ ಬಿಟ್ಟು ಬಂದದ್ದು ಮಗಳು. ಈ ಕಥೆ ನಮಗೆ ಹೊಸದೇನಲ್ಲ, ಅಲ್ವಾ?

ಅದೇ ವರ್ಷ ಆಗಸ್ಟ್‌ನಲ್ಲಿ ಜೇಮ್ಸ್ "ಈವ್ನಿಂಗ್ ನ್ಯೂಸ್" ಶುರು ಮಾಡಿದ. ಬೆಲೆ ಎರಡು ಸೆಂಟು. ಉಳಿದ ಪತ್ರಿಕೆಗಳು ಐದು ಸೆಂಟಿಗೆ ಮಾರುತ್ತಿದ್ದ ಕಾಲ. ಅಗಲವಾದ ಹಾಳೆ, ಉದ್ದುದ್ದ ಭಾಷಣಗಳು, ಓದಿ ಮುಗಿಸೋಕೆ ಅರ್ಧ ದಿನ ಬೇಕು. ಜೇಮ್ಸ್ ಲೆಕ್ಕ ಬೇರೆ: ಕೂಲಿ ಕೆಲಸದವನೂ ಕೊಂಡು, ಸಂಜೆ ಮನೆಗೆ ಹೋಗಿ ಓದಿ ಮುಗಿಸುವ ಹಾಗಿರಬೇಕು. ಅಂದರೆ ಸುದ್ದಿ ಚಿಕ್ಕದಾಗಬೇಕು. ಚಿಕ್ಕದು ಮಾಡುವ ಕೈ ಯಾರದು? ಎಲೆನ್‌ರದು. ಬೇರೆ ಊರಿನ ಪತ್ರಿಕೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಓದುವುದು, ಬೇಕಾದ್ದನ್ನು ಕತ್ತರಿಸುವುದು, ಕಾಲಂಗಟ್ಟಲೆ ಇದ್ದದ್ದನ್ನು ನಾಲ್ಕು ಸಾಲಿಗೆ ಇಳಿಸಿ ಅಚ್ಚಿಗೆ ಕಳಿಸುವುದು. ಹೀಗೆ ಹುಟ್ಟಿದ ಅವರ "ಮಿಸೆಲೆನಿ" ಅಂಕಣ ಆಮೇಲೆ ಮನೆಯವರ ಉಳಿದ ಪತ್ರಿಕೆಗಳಿಗೂ ಹೋಯಿತು. ಒಂದೇ ಬರಹವನ್ನು ಹಲವು ಪತ್ರಿಕೆಗಳು ಹಂಚಿಕೊಳ್ಳುವುದು ಮುಂದೆ ಅವರ ತಮ್ಮನಿಗೆ ದೊಡ್ಡ ಉದ್ಯಮವೇ ಆಯಿತು.

ಹಾಗಾದರೆ ದುಡ್ಡು ಗಳಿಸಿದ್ದಾ, ಪಿತ್ರಾರ್ಜಿತದ ಹಾಗೆ ಬಂದದ್ದಾ?

ಎರಡೂ. ಮೊದಲ ಭಾಗ ಗಳಿಕೆ. ಡೆಟ್ರಾಯಿಟ್ ಪತ್ರಿಕೆಗೆ ತಾವು ಕೂಡಿಟ್ಟ ದುಡ್ಡು ಹಾಕಿದ್ದರು, ದುಡಿದಿದ್ದರು, ಷೇರು ಸಿಕ್ಕಿತು. 1878ರಲ್ಲಿ ಇ. ಡಬ್ಲ್ಯೂ. ಕ್ಲೀವ್‌ಲ್ಯಾಂಡ್‌ನಲ್ಲಿ "ಪೆನ್ನಿ ಪ್ರೆಸ್" ಶುರು ಮಾಡಿದಾಗ ಅವನಿಗೂ ಅಕ್ಕನೇ ಸಾಲ ಕೊಟ್ಟರು. ಅವನ ಪತ್ರಿಕೆಗಳು ಒಂದೊಂದು ಊರಲ್ಲಿ ಬೇರು ಬಿಟ್ಟ ಹಾಗೆಲ್ಲ ಅಕ್ಕನ ಪಾಲೂ ಬೆಳೆಯಿತು.

ಎರಡನೇ ಭಾಗ ನಿಜಕ್ಕೂ ಆಸ್ತಿ. 1900ರಲ್ಲಿ ತಮ್ಮ ಜಾರ್ಜ್ ತೀರಿಕೊಂಡ. ಅವನ ಪತ್ರಿಕೆ ಷೇರುಗಳ ದೊಡ್ಡ ಪಾಲು ಎಲೆನ್‌ಗೆ ಬಂತು. ಬಂತು ಅಂದರೆ ಸುಲಭವಾಗಿ ಅಲ್ಲ. ಅಣ್ಣ ಜೇಮ್ಸ್ ಆ ಉಯಿಲನ್ನು ಒಪ್ಪದೆ ಕೋರ್ಟಿಗೆ ಹೋದ. ಕೇಸು ವರ್ಷಗಟ್ಟಲೆ ನಡೆಯಿತು.

ಅಣ್ಣತಮ್ಮಂದಿರಿಗೆ ಅಷ್ಟೊಂದು ಜಗಳ ಯಾಕೆ?

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಕಥೆ. ಜೇಮ್ಸ್‌ಗೆ ಒಂದು ಊರು, ಒಂದು ಗಟ್ಟಿ ಪತ್ರಿಕೆ ಸಾಕು. ಇ. ಡಬ್ಲ್ಯೂ.ಗೆ ಊರೂರಿಗೆ ಪತ್ರಿಕೆ ಬೇಕು, ಅದಕ್ಕೆ ಸಾಲವಾದರೂ ಸರಿ. 1880ರ ದಶಕದ ಕೊನೆಗೆ ಇಬ್ಬರೂ ಬೇರೆಯಾದರು. ಎಲೆನ್, ಮುಂದೆ ಜಾರ್ಜ್ ಕೂಡ, ನಿಂತದ್ದು ಇ. ಡಬ್ಲ್ಯೂ. ಕಡೆಗೆ.

ಮದುವೆ ಯಾಕೆ ಆಗಲಿಲ್ಲ?

ಆಗಲಿಲ್ಲ, ಅಷ್ಟೇ. ಈ ಪ್ರಶ್ನೆಯನ್ನು ದಾನಿಗಳಾದ ಗಂಡಸರ ಬಗ್ಗೆ ಯಾರೂ ಕೇಳುವುದಿಲ್ಲ ಅನ್ನುವುದನ್ನೂ ಗಮನಿಸಿ. ತಂಗಿ ವರ್ಜೀನಿಯಾ ಬಹಳ ವರ್ಷ ಜೊತೆಗಿದ್ದರು. ಅಕ್ಕ ಮೆತ್ತಗೆ, ಕಡಿಮೆ ಮಾತು. ತಂಗಿ ಹಾಗಲ್ಲ. ಲಾ ಹೋಯಾದ ಬೀದಿಯಲ್ಲಿ ಬಿದ್ದ ಕಾಗದ ಆರಿಸುತ್ತಾ ಹೋಗುವುದು, ಎಸೆದವರು ಕಣ್ಣಿಗೆ ಬಿದ್ದರೆ ಸರಿಯಾಗಿ ಬೈಯುವುದು ಅವರ ಅಭ್ಯಾಸ.

ಕ್ಯಾಲಿಫೋರ್ನಿಯಾಕ್ಕೆ ಹೋದದ್ದು ಹೇಗೆ?

ಇ. ಡಬ್ಲ್ಯೂ. ಸ್ಯಾನ್ ಡಿಯೇಗೋದ ಹೊರಗೆ ಒಣ ಗುಡ್ಡದ ಮೇಲೆ ಜಮೀನು ಹಿಡಿದು ಮಿರಮಾರ್ ಅಂತ ದೊಡ್ಡ ಮನೆ ಕಟ್ಟಿಸಿದ. ಎಲೆನ್ ಮೊದಲು ಅಲ್ಲಿಗೆ ಬಂದರು. ತಮ್ಮನ ಮನೆ, ತಮ್ಮನ ಹೆಂಡತಿ ಮಕ್ಕಳು, ತಮ್ಮನದೇ ದರ್ಬಾರು. 1896ರಲ್ಲಿ ಸಮುದ್ರದ ದಂಡೆಯ ಲಾ ಹೋಯಾದಲ್ಲಿ ತಮ್ಮದೇ ಜಾಗ ಕೊಂಡು ಮರುವರ್ಷ ಮನೆ ಕಟ್ಟಿಸಿದರು. ಅದಕ್ಕಿಟ್ಟ ಹೆಸರು "ಸೌತ್ ಮೌಲ್ಟನ್ ವಿಲ್ಲಾ". ತಾವು ಹುಟ್ಟಿದ ಲಂಡನ್ ಬೀದಿಯ ಹೆಸರದು. 60 ವರ್ಷ ವಯಸ್ಸಿನಲ್ಲಿ ಮೊದಲ ಸಲ ಪೂರ್ತಿ ತಮ್ಮದು ಅನ್ನುವ ಮನೆ.

ಆ ಮನೆಗೆ ಬೆಂಕಿ ಬಿದ್ದದ್ದು ನಿಜವಾ?

ನಿಜ, 1915ರಲ್ಲಿ. ಬಿದ್ದದ್ದಲ್ಲ, ಹಚ್ಚಿದ್ದು. ಅವರ ತೋಟದಲ್ಲಿ ಕೆಲಸ ಮಾಡಿದ್ದವನೊಬ್ಬ ಸಿಟ್ಟಿನಿಂದ ಹಚ್ಚಿದ. ಮರದ ಮನೆ, ಉರಿದು ಹೋಯಿತು. ಆಗ ಎಲೆನ್‌ಗೆ 78 ವರ್ಷ. ಅದೇ ಜಾಗದಲ್ಲಿ ಈ ಸಲ ಕಾಂಕ್ರೀಟಿನ ಮನೆ ಕಟ್ಟಿಸಿದರು. ವಾಸ್ತುಶಿಲ್ಪಿ ಅರ್ವಿಂಗ್ ಗಿಲ್.

ಈ ಗಿಲ್ ಸ್ವಾರಸ್ಯದ ಮನುಷ್ಯ. ಅಲಂಕಾರ ಬೇಡ, ಚೌಕ ಗೋಡೆ, ಕಮಾನು, ಬೆಳಕು, ಇಷ್ಟೇ ಅವರ ಶೈಲಿ. 1914ರ ಲಾ ಹೋಯಾ ಮಹಿಳಾ ಕ್ಲಬ್ಬನ್ನೂ ಎಲೆನ್ ದುಡ್ಡಿನಿಂದ ಅವರೇ ಕಟ್ಟಿದ್ದು. ಗೋಡೆಯನ್ನು ನಿಲ್ಲಿಸಿ ಕಟ್ಟುವ ಬದಲು ನೆಲದ ಮೇಲೆ ಮಲಗಿಸಿ ಎರಕ ಹೊಯ್ಯುವುದು, ಒಣಗಿದ ಮೇಲೆ ಇಡೀ ಗೋಡೆಯನ್ನು ಕಮಾನಿನ ಸಮೇತ ಎತ್ತಿ ನಿಲ್ಲಿಸುವುದು. ಈಗ ಗೋಡೌನ್ ಕಟ್ಟುವವರೆಲ್ಲ ಹೀಗೆ ಮಾಡುತ್ತಾರೆ. ಆಗ ಅದು ಹೊಸದು. ಅಷ್ಟು ವಯಸ್ಸಿನವರು ಅಂಥ ಪ್ರಯೋಗಕ್ಕೆ ದುಡ್ಡು ಕೊಡುವುದು ಸಣ್ಣ ಮಾತಲ್ಲ.

ಸಮುದ್ರ ಸಂಸ್ಥೆಯ ಕಥೆ ಏನು?

ಇದನ್ನು ಸ್ವಲ್ಪ ಉದ್ದ ಹೇಳಬೇಕು.

ಬರ್ಕ್‌ಲಿಯ ಪ್ರಾಣಿಶಾಸ್ತ್ರದ ಪ್ರೊಫೆಸರ್ ವಿಲಿಯಂ ರಿಟರ್ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಸಮುದ್ರ ಜೀವಿಗಳನ್ನು ಅಧ್ಯಯನ ಮಾಡಲು ಕರಾವಳಿಯುದ್ದಕ್ಕೂ ಜಾಗ ಹುಡುಕುತ್ತಿದ್ದರು. ಸ್ಯಾನ್ ಡಿಯೇಗೋದ ಡಾಕ್ಟರ್ ಫ್ರೆಡ್ ಬೇಕರ್‌ಗೆ ಚಿಪ್ಪು ಕೂಡಿಸುವ ಹುಚ್ಚು. ಇಲ್ಲಿಗೇ ಬನ್ನಿ ಅಂತ ಅವರನ್ನು ಕರೆಸಿದರು. ಮೊದಲ ಪ್ರಯೋಗಾಲಯ ಒಂದು ಹೋಟೆಲಿನ ದೋಣಿಮನೆಯಲ್ಲಿ. 1903ರಲ್ಲಿ ಸಂಘ ಕಟ್ಟಿದರು. ಎಲೆನ್ ಮತ್ತು ಇ. ಡಬ್ಲ್ಯೂ. ಅದಕ್ಕೆ ಬೆನ್ನೆಲುಬಾಗಿ ನಿಂತರು. 1907ರಲ್ಲಿ ಲಾ ಹೋಯಾದ ಉತ್ತರಕ್ಕೆ ಸುಮಾರು 170 ಎಕರೆ ಜಾಗವನ್ನು ನಗರಸಭೆಯಿಂದ 1,000 ಡಾಲರ್‌ಗೆ ಕೊಂಡರು. ಆಗ ಅದು ಯಾರಿಗೂ ಬೇಡದ ಪಾಳು ದಂಡೆ. ಈಗ ಅಲ್ಲಿ ಒಂದು ಮನೆ ಕೊಳ್ಳೋಕೂ ನಮ್ಮಂಥವರ ಕೈಲಾಗದು.

1912ರಲ್ಲಿ ಎಲ್ಲವನ್ನೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ನನ್ನ ಪ್ರಕಾರ ಇವರ ಬದುಕಿನ ಅತ್ಯಂತ ಜಾಣ ನಡೆ ಇದು. ಹೆಸರು ಇತ್ತು, ದುಡ್ಡು ಹೋಗುತ್ತಲೇ ಇತ್ತು, ಆದರೆ ನಡೆಸುವ ಹೊಣೆ ವಿಜ್ಞಾನಿಗಳಿಗೆ ಬಿಟ್ಟರು. ದಾನ ಕೊಟ್ಟ ಮೇಲೂ ಬೀಗದ ಕೈ ಸೊಂಟದಲ್ಲೇ ಇಟ್ಟುಕೊಳ್ಳುವ ಟ್ರಸ್ಟುಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

1916ರಲ್ಲಿ ಎಲೆನ್ ದುಡ್ಡಿನಲ್ಲಿ ಸಮುದ್ರದೊಳಕ್ಕೆ ಸುಮಾರು 1,000 ಅಡಿಯ ಪಿಯರ್, ಅಂದರೆ ಕಂಬಗಳ ಮೇಲೆ ಚಾಚಿದ ಕಟ್ಟೆ, ಕಟ್ಟಿದರು. ಆ ಆಗಸ್ಟ್‌ನಿಂದ ಒಬ್ಬರು ದಿನಾ ಅದರ ತುದಿಗೆ ನಡೆದು ಹೋಗಿ ನೀರಿನ ಉಷ್ಣಾಂಶ ಅಳೆದು ಬರೆದುಕೊಳ್ಳುವುದು ಶುರುವಾಯಿತು, ಜೊತೆಗೆ ಉಪ್ಪಿನ ಅಂಶ ನೋಡಲು ಒಂದಿಷ್ಟು ನೀರು. ಒಂದು ದಿನದ ಲೆಕ್ಕ ನೋಡಿದರೆ ಇದರಲ್ಲೇನಿದೆ ಅನಿಸುತ್ತದೆ. ಆದರೆ ಆ ಕೆಲಸ ನೂರು ವರ್ಷ ದಾಟಿದೆ. ಪೆಸಿಫಿಕ್ ದಂಡೆಯ ಅತಿ ಉದ್ದದ ದಾಖಲೆಗಳಲ್ಲಿ ಅದೂ ಒಂದು. ಸಮುದ್ರ ಬಿಸಿಯಾಗುತ್ತಿದೆಯಾ ಅಂತ ಕೇಳುವವರು ಇಂದು ಅದೇ ಪಟ್ಟಿ ತೆಗೆದು ನೋಡುತ್ತಾರೆ. ಹಳೇ ಪಿಯರ್ ಹೋಗಿ 1988ರಲ್ಲಿ ಹೊಸದು ಬಂತು. ಅದಕ್ಕೂ ಎಲೆನ್ ಹೆಸರೇ.

1925ರಲ್ಲಿ ಸಂಸ್ಥೆಗೆ ಸ್ಕ್ರಿಪ್ಸ್ ಇನ್‌ಸ್ಟಿಟ್ಯೂಷನ್ ಆಫ್ ಓಷನೋಗ್ರಫಿ ಅನ್ನುವ ಈಗಿನ ಹೆಸರು ಬಂತು. ಎರಡನೇ ಮಹಾಯುದ್ಧದಲ್ಲಿ ಸೈನ್ಯ ದಂಡೆಗೆ ಇಳಿಯುವ ದಿನ ಅಲೆ ಎಷ್ಟಿರುತ್ತದೆ ಅಂತ ಲೆಕ್ಕ ಹಾಕುವ ವಿಧಾನ ಕೊಟ್ಟದ್ದು ಇಲ್ಲಿನ ಸ್ವೆರ್‌ಡ್ರುಪ್ ಮತ್ತು ವಾಲ್ಟರ್ ಮಂಕ್. 1958ರಿಂದ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯತೊಡಗಿದ ಚಾರ್ಲ್ಸ್ ಕೀಲಿಂಗ್ ಕೂಡ ಇಲ್ಲಿಯವರೇ. ಏರುತ್ತಲೇ ಹೋಗುವ ಆ ಗೆರೆಯನ್ನು ಪಠ್ಯಪುಸ್ತಕದಲ್ಲಿ ನೋಡಿಯೇ ಇರುತ್ತೀರಿ.

ನಮ್ಮ ಕಡೆಗೆ ಏನಾದರೂ ನಂಟು ಇದೆಯಾ?

ಎಲೆನ್‌ಗೆ ನೇರವಾಗಿ ಇಲ್ಲ. ಸಂಸ್ಥೆಗೆ ಇದೆ. ಹವಾಮಾನ ವಿಜ್ಞಾನಿ ವೀರಭದ್ರನ್ ರಾಮನಾಥನ್ ಅಲ್ಲಿ ದೀರ್ಘಕಾಲ ಪ್ರೊಫೆಸರ್ ಆಗಿದ್ದರು. ಅವರು ಸ್ನಾತಕೋತ್ತರ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಫ್ರಿಜ್ಜಿನಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳೂ ಭೂಮಿಯನ್ನು ಬಿಸಿ ಮಾಡುತ್ತವೆ ಅಂತ 1975ರಲ್ಲಿ ತೋರಿಸಿದವರು. ಹಿಂದೂ ಮಹಾಸಾಗರದ ಮೇಲೆ ಕವಿಯುವ ಕಂದು ಮಬ್ಬಿನ ಅಧ್ಯಯನವನ್ನೂ ಮುನ್ನಡೆಸಿದರು. ನಮ್ಮ ಸೌದೆ ಒಲೆಯ ಹೊಗೆ, ಲಾರಿಯ ಹೊಗೆ ಎಲ್ಲ ಅದರಲ್ಲಿ ಸೇರಿದೆ.

ಕಾಲೇಜು ಕಟ್ಟಿದ್ದು ಯಾವಾಗ?

1926ರಲ್ಲಿ, ಅವರಿಗೆ 90 ಆಗುವ ವರ್ಷ. ಲಾಸ್ ಏಂಜಲೀಸ್ ಹತ್ತಿರದ ಕ್ಲೇರ್‌ಮಾಂಟ್‌ನಲ್ಲಿ ಪೊಮೋನಾ ಕಾಲೇಜಿನ ಮುಖ್ಯಸ್ಥರಾಗಿದ್ದ ಜೇಮ್ಸ್ ಬ್ಲೇಸ್‌ಡೆಲ್‌ಗೆ ಒಂದು ಯೋಚನೆ ಇತ್ತು. ಒಂದೇ ಕಾಲೇಜನ್ನು ಉಬ್ಬಿಸುತ್ತಾ ಹೋಗುವ ಬದಲು ಆಕ್ಸ್‌ಫರ್ಡ್ ಥರ ಸಣ್ಣ ಸಣ್ಣ ಕಾಲೇಜುಗಳು ಒಟ್ಟಿಗಿರಲಿ, ಲೈಬ್ರರಿಯಂಥದ್ದನ್ನು ಹಂಚಿಕೊಳ್ಳಲಿ ಅಂತ. ಎಲೆನ್ ಜಾಗಕ್ಕೆ ದುಡ್ಡು ಕೊಟ್ಟರು, ಹೊಸದಾಗಿ ಹುಟ್ಟಿದ ಮಹಿಳಾ ಕಾಲೇಜಿಗೆ ಅವರ ಹೆಸರಿಟ್ಟರು. ಸ್ವತಂತ್ರವಾಗಿ, ಸ್ಪಷ್ಟವಾಗಿ ಯೋಚಿಸುವ ಶಕ್ತಿ ಬೆಳೆಸುವುದೇ ಕಾಲೇಜಿನ ಮೊದಲ ಕರ್ತವ್ಯ ಅನ್ನುವ ಅವರ ಮಾತು ಇಂದೂ ಅಲ್ಲಿನ ಗೇಟಿನ ಮೇಲಿದೆ. ಅದೇ ವರ್ಷ ಫೆಬ್ರುವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೂ ಬಂದರು.

ಆಸ್ಪತ್ರೆ?

1924ರಲ್ಲಿ. ಸ್ಕ್ರಿಪ್ಸ್ ಮೆಮೋರಿಯಲ್ ಆಸ್ಪತ್ರೆ, ಜೊತೆಗೆ ಮಧುಮೇಹದಂಥ ಕಾಯಿಲೆಗಳ ಅಧ್ಯಯನಕ್ಕೆ ಒಂದು ಕ್ಲಿನಿಕ್. ಇನ್ಸುಲಿನ್ ಕಂಡುಹಿಡಿದು ಆಗಿನ್ನೂ ಮೂರೇ ವರ್ಷ. ಆ ಕ್ಲಿನಿಕ್ಕೇ ಬೆಳೆದು ಇಂದಿನ ಸ್ಕ್ರಿಪ್ಸ್ ರಿಸರ್ಚ್ ಆಗಿದೆ. 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಆರ್ಡೆಮ್ ಪಟಪೂಟಿಯನ್ ಅಲ್ಲಿಯವರು.

ಗಿಡಮರ, ಪ್ರಾಣಿ, ಇದರಲ್ಲೂ ಆಸಕ್ತಿ ಇತ್ತಾ?

ತುಂಬಾ. ಟೋರಿ ಪೈನ್ ಅನ್ನುವ ಅಪರೂಪದ ಮರ ತಾನಾಗಿ ಬೆಳೆಯುವುದು ಆ ದಂಡೆಯಲ್ಲಿ ಮತ್ತು ಸ್ಯಾಂಟಾ ರೋಸಾ ದ್ವೀಪದಲ್ಲಿ ಮಾತ್ರ. ಅದರ ಸುತ್ತಲಿನ ಜಾಗ ಬೇರೆಯವರ ಪಾಲಾಗುವ ಮೊದಲೇ ಎಲೆನ್ ಕೊಂಡಿಟ್ಟರು. ಗೈ ಫ್ಲೆಮಿಂಗ್ ಅನ್ನುವವರನ್ನು ಕಾವಲಿಗೆ ನೇಮಿಸಿದರು. ಇಂದು ಅದು ರಾಜ್ಯದ ರಕ್ಷಿತ ತಾಣ. ಸ್ಯಾನ್ ಡಿಯೇಗೋ ಮೃಗಾಲಯಕ್ಕೆ ಬೇಲಿ ಹಾಕಿಸಿಕೊಟ್ಟವರೂ ಇವರೇ. ಬೇಲಿ ಇಲ್ಲದೆ ಟಿಕೆಟ್ ಇಡುವುದು ಹೇಗೆ ಹೇಳಿ!

ಹೂವಿನ ಚಿತ್ರಗಳ ಕಥೆ ಮಾತ್ರ ಪೂರ್ತಿ ಗೆದ್ದದ್ದಲ್ಲ. 1908ರಲ್ಲಿ ಆಲ್ಬರ್ಟ್ ವ್ಯಾಲೆಂಟೀನ್ ಅನ್ನುವ ಕಲಾವಿದರಿಗೆ ಕ್ಯಾಲಿಫೋರ್ನಿಯಾದ ಕಾಡುಹೂಗಳನ್ನೆಲ್ಲ ಬಿಡಿಸಿಕೊಡಿ ಅಂದರು. ಅವರು ಹತ್ತು ವರ್ಷ ರಾಜ್ಯವೆಲ್ಲ ಅಲೆದು ಸಾವಿರಕ್ಕೂ ಹೆಚ್ಚು ಹಾಳೆ ಬಿಡಿಸಿದರು. ಕೊನೆಗೆ ಬಣ್ಣದಲ್ಲಿ ಅಚ್ಚು ಹಾಕಿಸುವ ಖರ್ಚು ಕೇಳಿ ಎಲೆನ್ ಹಿಂದೆ ಸರಿದರು. ಕಲಾವಿದರು ಪುಸ್ತಕ ನೋಡದೇ ಹೋದರು. ಕೈ ಎತ್ತಿ ಕೊಡುವವರಿಗೂ ಒಂದು ಕಡೆ ಕೈ ತಡೆಯುತ್ತದೆ. ಆದರೂ ಪ್ರಕಾಶನದ ಮನೆಯವರೇ ಅದನ್ನು ಪ್ರಕಟಿಸದೆ ಬಿಟ್ಟದ್ದು ನನಗೆ ಇವತ್ತಿಗೂ ಅರಗುವುದಿಲ್ಲ. ಚಿತ್ರಗಳು ಈಗ ಸ್ಯಾನ್ ಡಿಯೇಗೋದ ನಿಸರ್ಗ ಚರಿತ್ರೆಯ ಮ್ಯೂಸಿಯಂನಲ್ಲಿವೆ.

ಮಕ್ಕಳ ಕೊಳದಲ್ಲಿ ಸೀಲ್‌ಗಳು ಯಾಕೆ ಮಲಗಿವೆ?

ಲಾ ಹೋಯಾಕ್ಕೆ ಹೋಗಿ ಬಂದವರೆಲ್ಲ ಇದನ್ನು ಕೇಳುತ್ತಾರೆ. ಅಲ್ಲಿನ ಅಲೆ ಜೋರು. ಮಕ್ಕಳು ಹೆದರಿಕೆ ಇಲ್ಲದೆ ಈಜಲಿ ಅಂತ ಎಲೆನ್ ತಮ್ಮ ದುಡ್ಡಿನಲ್ಲಿ ಬಾಗಿದ ಕಾಂಕ್ರೀಟ್ ತಡೆಗೋಡೆ ಕಟ್ಟಿಸಿದರು. ತೆರೆದದ್ದು 1931ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ. ಗೋಡೆ ಅಲೆಯನ್ನು ತಡೆಯಿತು, ಜೊತೆಗೆ ಮರಳನ್ನೂ ಹಿಡಿದಿಟ್ಟಿತು. ಕೊಳ ತುಂಬುತ್ತಾ ಬಂದು ಸಣ್ಣ ಮರಳು ದಂಡೆಯಾಯಿತು. ಅಲೆ ಇಲ್ಲದ, ಬೆಚ್ಚಗಿನ ಮರಳು: ಮಕ್ಕಳಿಗೆ ಹೇಗೋ ಸೀಲ್‌ಗಳಿಗೂ ಹಾಗೇ ಹಿತ. 1990ರ ದಶಕದಿಂದ ಅವು ಅಲ್ಲೇ ಬೀಡುಬಿಟ್ಟು ಮರಿ ಹಾಕತೊಡಗಿದವು.

ಆಮೇಲೆ ಶುರುವಾಯಿತು ಗಲಾಟೆ. ಮಕ್ಕಳಿಗೆ ಅಂತ ಕೊಟ್ಟದ್ದು, ಮಕ್ಕಳಿಗೇ ಬಿಡಿ ಅಂತ ಈಜುವವರು. ಪ್ರಾಣಿಗಳನ್ನು ಎಬ್ಬಿಸಬೇಡಿ ಅಂತ ಇನ್ನೊಂದು ಗುಂಪು. ದಾನಪತ್ರದ ಷರತ್ತು ಹಿಡಿದು ಕೇಸು, ಮರಳು ತೆಗೆಸಿ ಅಂತ ಕೋರ್ಟಿನ ಆದೇಶ, ಆ ಷರತ್ತನ್ನೇ ಸಡಿಲಿಸುವ ಹೊಸ ಕಾನೂನು. ಕೊನೆಗೆ ಮರಿ ಹಾಕುವ ಕಾಲಕ್ಕೆ, ಡಿಸೆಂಬರ್ 15ರಿಂದ ಮೇ 15ರ ತನಕ, ದಂಡೆಗೆ ಇಳಿಯುವಂತಿಲ್ಲ ಅನ್ನುವ ನಿಯಮ ಬಂತು. ಎಲೆನ್ ಇದ್ದಿದ್ದರೆ ಯಾರ ಪರ ಅಂತ ಎರಡೂ ಕಡೆಯವರು ವಾದ ಮಾಡುತ್ತಾರೆ. ಮಕ್ಕಳಿಗೆ ಕೊಳ ಕಟ್ಟಿಸಿದವರೂ ಅವರೇ, ಸಮುದ್ರ ಜೀವಿಗಳ ಅಧ್ಯಯನಕ್ಕೆ ಸಂಸ್ಥೆ ಕಟ್ಟಿಸಿದವರೂ ಅವರೇ.

ಕ್ರ್ಯಾನ್‌ಬ್ರೂಕ್ ಕಟ್ಟಿದ ಎಲೆನ್ ಸ್ಕ್ರಿಪ್ಸ್ ಇವರೇನಾ?

ಅಲ್ಲ. ಅವರು ಎಲೆನ್ ಸ್ಕ್ರಿಪ್ಸ್ ಬೂತ್, ಜೇಮ್ಸ್ ಅವರ ಮಗಳು, ಅಂದರೆ ಇವರ ಅಣ್ಣನ ಮಗಳು. ಗಂಡ ಜಾರ್ಜ್ ಬೂತ್ ಜೊತೆ ಮಿಚಿಗನ್‌ನಲ್ಲಿ ಶಾಲೆ, ಕಲಾ ಅಕಾಡೆಮಿ ಕಟ್ಟಿದರು. ನೆಟ್‌ನಲ್ಲಿ ಹುಡುಕುವಾಗ ಫೋಟೋ ಅದಲು ಬದಲಾಗುವ ಸಾಧ್ಯತೆ ಇದೆ, ಹುಷಾರು.

ಲಾ ಹೋಯಾಕ್ಕೆ ಹೋದರೆ ಏನೇನು ನೋಡಬಹುದು?

ಅರ್ಧ ದಿನ ಸಾಕು. ಕೋವ್ ಅನ್ನುವ ಸಣ್ಣ ಕೊಲ್ಲಿಯ ಪಕ್ಕದ ಪಾರ್ಕು ಅವರ ಹೆಸರಲ್ಲೇ ಇದೆ. ಅಲ್ಲಿಂದ ದಂಡೆಗುಂಟ ನಡೆದರೆ ಮಕ್ಕಳ ಕೊಳ. ಒಳಗೆ ಪ್ರಾಸ್ಪೆಕ್ಟ್ ಬೀದಿಗೆ ತಿರುಗಿದರೆ ಸಮಕಾಲೀನ ಕಲೆಯ ಮ್ಯೂಸಿಯಂ. ಬೆಂಕಿಗೆ ಹೋದ ಮೇಲೆ ಗಿಲ್ ಕಟ್ಟಿದ ಎಲೆನ್ ಮನೆ ಅದೇ. ಮಹಿಳಾ ಕ್ಲಬ್ಬು ಅಲ್ಲೇ ಹತ್ತಿರ, ಕಮಾನುಗಳನ್ನು ಹೊರಗಿಂದ ನೋಡಿದರೂ ಸಾಕು. ಪಿಯರ್ ಮೇಲೆ ಸುಮ್ನೆ ಹತ್ತಲು ಬಿಡುವುದಿಲ್ಲ, ಅದು ಕೆಲಸದ ಜಾಗ. ಆದರೆ ಕೆಳಗಿನ ಮರಳಲ್ಲಿ ನಡೆದುಕೊಂಡು ಹೋಗಿ ಕಂಬಗಳ ನಡುವೆ ನಿಂತು ಫೋಟೋ ತೆಗೆಯುವವರು ಎಷ್ಟೋ ಮಂದಿ. ಕಾರು ಪಾರ್ಕಿಂಗ್‌ಗೆ ಬೆಳಿಗ್ಗೆ ಬೇಗ ಹೋಗಿ.